ಅತ್ತೆಮ್ಮನಿಗೆ ಮಾತು ಹೋದ ಮೇಲೆ

ನಾನು ಮದುವೆಯಾಗಿ ಬಂದ ಮೊದಲ ವಾರದಲ್ಲೇ ಅತ್ತೆಮ್ಮ ನನ್ನನ್ನು ತಂಬೂರಿಯ ಮುಂದೆ ಕೂರಿಸಿಕೊಂಡು ಷಡ್ಜ ಹಿಡಿ ಎಂದರು. ನಾನು ಬೂದಿಕೋಟೆ ಕಡೆಯ ಒಕ್ಕಲು ಮನೆಯವಳು. ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಅಭ್ಯಾಸವಿತ್ತೇ ಹೊರತು ಹಾಡಿ ಅಭ್ಯಾಸವಿರಲಿಲ್ಲ. ಕಣ್ಣು ಮುಚ್ಚಿಕೊಂಡು ಬಾಯಿಬಿಟ್ಟೆ. ಅವರು ತಂಬೂರಿಯ ಮೇಲಿನ ಬೆರಳು ನಿಲ್ಲಿಸಿ, ತಡೆದುಕೊಳ್ಳಲು ನೋಡಿ, ಆಗದೆ ನಕ್ಕುಬಿಟ್ಟರು.

"ಇದು ದನ ಕರಿಯೋ ಗಂಟಲು ಕಣಮ್ಮಣ್ಣಿ. ಇರ್ಲಿ ಬುಡು. ನಿಂಗೆ ಅಕ್ಸರ ಕಲಿಸ್ತೀನಿ."

ಹೇಳಿದಂತೆ ಕಲಿಸಿದರು. ಮಧ್ಯಾಹ್ನ ಮುದ್ದೆ ಊಟವಾದ ಮೇಲೆ ಸ್ಲೇಟು ಹಿಡಿದು ಕೂರುವುದು, ಅವರು ನನ್ನ ಕೈ ಹಿಡಿದು ತಿದ್ದಿಸುವುದು. ವರ್ಷ ಕಳೆಯುವುದರೊಳಗೆ ನಮ್ಮಪ್ಪನಿಗೆ ನಾನೇ ಕಾಗದ ಬರೆದೆ. ಊರಿನಲ್ಲಿ ಅದನ್ನು ಓದಲು ಯಾರೂ ಇರಲಿಲ್ಲವಾದ್ದರಿಂದ ಅಪ್ಪ ಆ ಕಾಗದ ಹಿಡಿದುಕೊಂಡು ಬಂಗಾರಪೇಟೆಗೇ ಬಂದು, ನನ್ನ ಕೈಲೇ ಓದಿಸಿಕೊಂಡು ಹೋದ.

ಆಗ ಬಂಗಾರಪೇಟೆಯನ್ನು ಬೌರಿಂಗ್‌ಪೇಟೆ ಎನ್ನುತ್ತಿದ್ದರು. ನಮ್ಮ ಮನೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿತ್ತು. ನನ್ನ ಗಂಡ ಅತ್ತೆಮ್ಮನಿಗೆ ಒಬ್ಬನೇ ಮಗ, ರೈಲ್ವೆಯ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತರು. ಅತ್ತೆಮ್ಮ ವಾರಕ್ಕೆ ಮೂರು ದಿನ ಬೆಳಗಿನ ರೈಲುಗಾಡಿ ಹತ್ತಿ ಚಿನ್ನದ ಗಣಿಯ ಉರಿಗಾಂಗೆ ಹೋಗಿ, ಅಲ್ಲಿನ ಗಣಿ ಗುಮಾಸ್ತರ, ಅಂಗಡಿಯವರ, ಕೂಲಿ ಲೈನಿನ ಸಾಲುಮನೆಗಳವರ ಹೆಣ್ಣುಮಕ್ಕಳಿಗೆ ಸಂಗೀತ ಹೇಳಿಕೊಟ್ಟು, ಮಧ್ಯಾಹ್ನದ ಗಾಡಿಗೆ ಬರುತ್ತಿದ್ದರು. ಉಳಿದ ದಿನ ಬಂಗಾರಪೇಟೆಯ ಮಕ್ಕಳು ಮನೆಗೇ ಬರುತ್ತಿದ್ದರು. ಉರಿಗಾಂನ ಜನ ಅವರನ್ನು ಪಾಟಮ್ಮ ಎನ್ನುತ್ತಿದ್ದರು. ತೆಲುಗಿನವರಿಗೆ ಹಾಡು ಅಂದರೆ ಪಾಟ, ತಮಿಳಿನವರಿಗೆ ಪಾಟ್ಟು. ಯಾವ ಮನೆಯಲ್ಲಿ ಕೂಗಿದರೂ ಆ ಹೆಸರು ಸಲ್ಲುತ್ತಿತ್ತು.

ಅವರ ಹಿಂದಿನ ಕಥೆಯೆಲ್ಲ ನನಗೆ ಗೊತ್ತಾದದ್ದು ಹುರುಳಿ ಹಸನು ಮಾಡುವಾಗ, ಸೊಪ್ಪು ಬಿಡಿಸುವಾಗ, ತುಂಡು ತುಂಡಾಗಿ. ಅವರು ಹುಟ್ಟಿದ್ದು ಕ್ಯಾಸಂಬಳ್ಳಿಯ ಹತ್ತಿರ, ನಮ್ಮಂಥದೇ ರಾಗಿ ಬೆಳೆಯುವ ಮನೆ. ಅಲ್ಲಿನ ಗುಡಿಯಲ್ಲಿ ನಾಗಸ್ವರ ನುಡಿಸುತ್ತಿದ್ದ ಒಬ್ಬ ಮುದುಕ ಇದ್ದನಂತೆ. ತಾನು ಬೆಳಿಗ್ಗೆ ಊದಿದ್ದನ್ನೇ ಈ ಹುಡುಗಿ ಕಡಲೆಕಾಯಿ ಕೀಳುತ್ತ ಹಾಡುತ್ತಿರುವುದನ್ನು ಕೇಳಿ ಅವನು ಇವರಪ್ಪನ ಬಳಿ ಬಂದು, "ರೆಡ್ಡೀ, ಈ ಮಗುವನ್ನ ನಂಗೆ ದಿನಾ ಒಂದೊತ್ತು ಕೊಡಪ್ಪ" ಎಂದು ಕೇಳಿಕೊಂಡನಂತೆ. ತಾಯಿಯಿಲ್ಲದ ಮಗು ಎಂದು ಅಪ್ಪ ಒಪ್ಪಿದ.

ಮದುವೆಯಾದದ್ದು ಸೋದರಮಾವನನ್ನೇ. ಅವರು ಉರಿಗಾಂ ಗಣಿಯಲ್ಲಿ ಕೂಲಿಯವರ ಹಾಜರಿ ಬರೆಯುವ ಟೈಂಕೀಪರ್. ನಾನು ಅವರನ್ನು ನೋಡಿದವಳಲ್ಲ. ಆದರೆ ಅತ್ತೆಮ್ಮನ ಮಾತಿನಲ್ಲಿ ಎಷ್ಟು ಸಲ ಬಂದುಹೋದರೆಂದರೆ ಎದುರಿಗೆ ಸಿಕ್ಕರೆ ಗುರುತು ಹಿಡಿಯುತ್ತಿದ್ದೆ. ಹೆಂಡತಿಗೆ ಸರಿಯಾದ ಪಾಠ ಆಗಬೇಕೆಂದು ತಮಿಳು ಸೀಮೆಯಿಂದ ಬಂದು ಉರಿಗಾಂನಲ್ಲಿ ನೆಲೆಸಿದ್ದ ಒಬ್ಬ ವಿದ್ವಾಂಸರ ಬಳಿ ತಾವೇ ಕರೆದೊಯ್ದು ಬಿಟ್ಟರು. ಎಂಟು ವರ್ಷ ಪಾಠ ನಡೆಯಿತು. ಆಮೇಲೆ ಗಣಿ ಕಂಪನಿಯ ಬೀದಿಯ ರಾಮನವಮಿ ಚಪ್ಪರದಲ್ಲಿ ಕೂರಿಸಿ ಹಾಡಿಸಿದರು. ನೆಂಟರು ಮನೆಗೇ ಬಂದು ಜಗಳ ತೆಗೆದರಂತೆ. ಒಕ್ಕಲು ಮನೆ ಹೆಣ್ಣು ಚಪ್ಪರದಲ್ಲಿ ಕೂತು ಹಾಡುವುದೆಂದರೇನು ಎಂದು. ಮಾವ, "ನಮ್ಮನೇಲಿರೋ ಒಳ್ಳೆ ವಸ್ತು ಅದೊಂದೇ. ಅದನ್ನೂ ಮುಚ್ಚಿಡು ಅಂತೀರಲ್ಲ" ಎಂದು ಕಾಫಿ ಕೊಟ್ಟು ಕಳಿಸಿದರಂತೆ.

ಹತ್ತು ವರ್ಷ ಅತ್ತೆಮ್ಮ ಹಾಡಿದರು. ಮದುವೆಮನೆಗಳಲ್ಲಿ, ಭಜನೆ ಮಂದಿರಗಳಲ್ಲಿ, ಒಮ್ಮೆ ಕೋಲಾರದಲ್ಲಿ ದೊಡ್ಡ ದೊಡ್ಡವರ ಮುಂದೆ. ಉರಿಗಾಂನಲ್ಲಿ ಅದಿರು ಕುಟ್ಟುವ ಮಿಲ್ಲಿನ ಸದ್ದು ಒಂದು ಗಳಿಗೆಯೂ ನಿಲ್ಲುತ್ತಿರಲಿಲ್ಲ. ಅದರ ಮೇಲೆ ಕೇಳಿಸಬೇಕು, ಆದರೆ ಕೂಗಬಾರದು. ಅದೇ ತನ್ನ ದೊಡ್ಡ ಪಾಠ ಎನ್ನುತ್ತಿದ್ದರು.

ಯುದ್ಧದ ಜ್ವರ ಎಂದು ಜನ ಕರೆದ ಆ ಜ್ವರ ಬಂದ ವರ್ಷ ಮಾವ ನಾಲ್ಕೇ ದಿನದಲ್ಲಿ ಹೋದರು. ಅಲ್ಲಿಗೆ ಕಂಪನಿಯ ಮನೆಯೂ ಹೋಯಿತು. ಹಾಡೂ ಹೋಯಿತು. ಕುಂಕುಮ ಇಲ್ಲದವಳನ್ನು ಮದುವೆ ಚಪ್ಪರಕ್ಕೆ ಯಾರು ಕರೆಯುತ್ತಾರೆ? ಆ ಮುಂದಿನ ವರ್ಷ ಹತ್ತಿರದವರ ಮದುವೆಯೊಂದಕ್ಕೆ ಹೋಗಿ, ಅಡುಗೆಮನೆಯ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತ, ಚಪ್ಪರದಲ್ಲಿ ಬೇರೆ ಯಾರೋ ಹಾಡಿದ್ದನ್ನು ಕೇಳಿದರಂತೆ. "ಕಲ್ಯಾಣಿ ಎತ್ತಿಕೊಂಡ. ಪಾಪ, ಮಧ್ಯಮದ ಅತ್ರ ಕಾಲು ಜಾರ್ತಾ ಇತ್ತು. ನಂಗೆ ಕೈಯಾಗಿದ್ದ ಅವರೆಕಾಯಿ ಎಸೆಯಂಗಾಯ್ತು" ಎಂದು ನಗುತ್ತ ಹೇಳಿದ್ದರು. ನಾನೂ ನಕ್ಕಿದ್ದೆ. ಆಗ ನನಗೆ ಹದಿನೇಳು ವರ್ಷ.

ಮಾವ ಹೋದ ಮೇಲೆ ಅವರು ಮಗನನ್ನು ಕಟ್ಟಿಕೊಂಡು ಬಂಗಾರಪೇಟೆಗೆ ಬಂದಿದ್ದರು. ಪಾಠ ಹೇಳಿಯೇ ಮಗನನ್ನು ಓದಿಸಿದರು, ಕೆಲಸಕ್ಕೆ ಸೇರಿಸಿದರು. ಇಪ್ಪತ್ತೈದು ವರ್ಷ ಹಾಗೆ ಪಾಠ ಹೇಳಿದರು. ಹುಡುಗಿಯರು ಬರುವರು, ಸರಳೆ, ಜಂಟಿವರಸೆ, ಗೀತೆ ಕಲಿಯುವರು, ವರ್ಣಕ್ಕೆ ಬರುವ ಹೊತ್ತಿಗೆ ಮದುವೆ ನಿಶ್ಚಯವಾಗಿ ಹೋಗಿಬಿಡುವರು. ವರ್ಣ ದಾಟಿದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಅವರಲ್ಲಿ ಕೊನೆಯವಳು ಉರಿಗಾಂನ ಕೂಲಿ ಲೈನಿನ ಒಂದು ತಮಿಳು ಹುಡುಗಿ. ಅವಳಪ್ಪ ಗಣಿಯೊಳಗೆ ಇಳಿಯುವವನು. ಕಪ್ಪಗೆ, ಸಣ್ಣಗೆ, ಮಾತೇ ಇಲ್ಲದವಳು. ಹಾಡಲು ಶುರುಮಾಡಿದರೆ ನನಗೂ ರಾಗಿ ಬೀಸುವ ಕೈ ನಿಲ್ಲುತ್ತಿತ್ತು. ಅತ್ತೆಮ್ಮ ಅವಳ ಎದುರು ಒಂದು ಸಲವೂ ಹೊಗಳಲಿಲ್ಲ. ಅವಳು ಹೋದ ಮೇಲೆ ಮಾತ್ರ ಗೋಡೆಗೆ ಒರಗಿ ಕಣ್ಣುಮುಚ್ಚಿ ಕೂತಿರುತ್ತಿದ್ದರು.

ನನ್ನ ಮಗಳಿಗೆ ಹದಿನಾಲ್ಕು ತುಂಬಿದ ವರ್ಷ, ಒಂದು ಬೆಳಿಗ್ಗೆ, ಉರಿಗಾಂಗೆ ಹೊರಡಲು ಸೀರೆ ಉಡುತ್ತಿದ್ದ ಅತ್ತೆಮ್ಮ ನಿಂತಲ್ಲೇ ಕುಸಿದರು. ಲಕ್ವ. ಬಲಗೈ, ಬಲಗಾಲು ಬಿದ್ದುಹೋಯಿತು. ಬಾಯಿ ಸೊಟ್ಟಗಾಯಿತು. ಏನು ಹೇಳಲು ಹೋದರೂ "ತೇ ತೇ" ಎಂಬ ಒಂದೇ ಸದ್ದು. ರೈಲ್ವೆ ಡಾಕ್ಟರು ಬಂದು ನೋಡಿ, ಕಾಲು ಸ್ವಲ್ಪ ಬರಬಹುದು, ಮಾತು ಬರುವುದು ಕಷ್ಟ ಎಂದರು.

ನಾನು ಸ್ಲೇಟು ತಂದು ಎಡಗೈಗೆ ಬಳಪ ಕೊಟ್ಟೆ. ನನಗೆ ಅಕ್ಷರ ಕಲಿಸಿದವರು. ಅವರು ತುಂಬ ಹೊತ್ತು ಸ್ಲೇಟನ್ನೇ ನೋಡಿದರು. ಎರಡು ಗೆರೆ ಎಳೆದರು. ಮತ್ತೆ ಒಂದು ಗೆರೆ. ಆಮೇಲೆ ಬಳಪವನ್ನು ನಿಧಾನವಾಗಿ ನನ್ನ ಕೈಲಿಟ್ಟು ಗೋಡೆ ಕಡೆ ತಿರುಗಿಕೊಂಡರು. ಅಕ್ಷರಗಳೂ ಹೋಗಿದ್ದವು.

ಮೂರನೇ ವಾರ ತಮಿಳು ಹುಡುಗಿ ಅಪ್ಪನ ಜೊತೆ ನೋಡಲು ಬಂದಳು. ಗುರುವಿನ ಮುಖ ನೋಡಿ ಅವಳಿಗೆ ಏನು ಮಾಡಲೂ ತೋಚಲಿಲ್ಲ. ಮೂಲೆಯಲ್ಲಿದ್ದ ತಂಬೂರಿಯ ಗವಸು ತೆಗೆದು, ಶ್ರುತಿ ಮಾಡಿಕೊಂಡು, ಮೊಟ್ಟಮೊದಲು ಕಲಿತಿದ್ದ ಗೀತೆಯನ್ನು ಮೆಲ್ಲಗೆ ಎತ್ತಿಕೊಂಡಳು. ಎರಡನೆಯ ಸಾಲಿಗೆ ಬರುವಾಗ ಮಂಚದಿಂದ ಇನ್ನೊಂದು ದನಿ ಸೇರಿತು. ನಾನು ಅಡುಗೆಮನೆಯಿಂದ ಓಡಿ ಬಂದೆ. ಅತ್ತೆಮ್ಮ ಹಾಡುತ್ತಿದ್ದರು. ಮಾತು ಬಾರದ ಆ ಸೊಟ್ಟ ಬಾಯಲ್ಲಿ ಸಾಹಿತ್ಯದ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಬರುತ್ತಿತ್ತು. ಹುಡುಗಿಯ ಅಪ್ಪ ಬಾಗಿಲಲ್ಲೇ ಕೈಮುಗಿದು ನಿಂತುಬಿಟ್ಟ.

ಗೀತೆ ಮುಗಿಯಿತು. "ಅತ್ತೆಮ್ಮ, ಮಾತಾಡಿ! ಏನಾನ ಏಳಿ!" ಎಂದು ನಾನು ಅವರ ಭುಜ ಹಿಡಿದುಕೊಂಡೆ.

"ತೇ ತೇ" ಎಂದರು. ಅವರ ಕಣ್ಣಲ್ಲಿ ನೀರು ಬಂತು.

ಮಾತು ಹೋಗಿತ್ತು. ಹಾಡು ಮಾತ್ರ ಎಲ್ಲಿಯೋ ಬೇರೆ ಕಡೆ ಇತ್ತು, ಅದು ಹೋಗಿರಲಿಲ್ಲ. ಡಾಕ್ಟರಿಗೆ ಹೇಳಿದೆ. ಅವರು ಇಂಥದ್ದು ಅಪರೂಪಕ್ಕೆ ಉಂಟು ಎಂದರು.

ಅವತ್ತಿನಿಂದ ಅತ್ತೆಮ್ಮ ಹಾಡಿನಲ್ಲೇ ಮಾತಾಡಲು ಶುರುಮಾಡಿದರು. ಹೊಸದಾಗಿ ಕಟ್ಟಿ ಹಾಡಲು ಬರುತ್ತಿರಲಿಲ್ಲ. ಎಷ್ಟೋ ವರ್ಷದಿಂದ ಬಾಯಲ್ಲಿದ್ದ ಹಾಡುಗಳು ಮಾತ್ರ. ನೀರು ಬೇಕಾದರೆ ಗಂಗೆಯ ಮಾತಿರುವ ಸಾಲು. ಹಸಿವಾದರೆ ಬೆಣ್ಣೆ ಕದಿಯುವ ಕೃಷ್ಣನ ಪದ. ಕಾಲು ನೋಯುತ್ತಿದ್ದರೆ ಪಾದ ಎಂಬ ಮಾತು ಬರುವ ಯಾವುದಾದರೂ ಒಂದು. ಮೊದಮೊದಲು ನನಗೆ ತಿಳಿಯುತ್ತಿರಲಿಲ್ಲ. ತೆಲುಗಿನ ಸಾಲು ಹಾಡಿದರೆ ಪಕ್ಕದ ಮನೆಯವರನ್ನು ಕರೆದು ಅರ್ಥ ಕೇಳುತ್ತಿದ್ದೆ. ಬರುಬರುತ್ತ ಪಲ್ಲವಿ ಎತ್ತುವ ಮುಂಚೆಯೇ ಗೊತ್ತಾಗುತ್ತಿತ್ತು. ತಪ್ಪು ಅರ್ಥ ಮಾಡಿಕೊಂಡು ನೀರಿನ ಬದಲು ಮಜ್ಜಿಗೆ ಕೊಟ್ಟರೆ ಅದೇ ಸಾಲನ್ನು ಇನ್ನೊಂದು ಕಾಲದಲ್ಲಿ, ಚುರುಕಾಗಿ, ರೇಗಿದ ಹಾಗೆ ಹಾಡುವರು. ನಾವಿಬ್ಬರೂ ನಗುತ್ತಿದ್ದೆವು. ಆ ತಿಂಗಳುಗಳಲ್ಲಿ ನಾನು ಅವರಿಗೆ ಎಷ್ಟು ಹತ್ತಿರವಾಗಿದ್ದೆನೋ ಅಷ್ಟು ಹತ್ತಿರ ಬೇರೆ ಯಾರಿಗೂ ಆಗಲಿಲ್ಲ, ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಗೂ.

ಆದರೆ ಬೀದಿಯೂ ಕೇಳಿಸಿಕೊಳ್ಳುತ್ತಿತ್ತು. ಹಿತ್ತಲಿಗೆ ಹೋಗಬೇಕಾದಾಗ ಅತ್ತೆಮ್ಮ ಬಾಗಿಲು ತೆರೆಯೋ ಎಂದು ದೇವರನ್ನು ಬೇಡುವ ಒಂದು ಹಾಡನ್ನು ಎತ್ತಿಕೊಳ್ಳುತ್ತಿದ್ದರು. ಅವಸರವಿದ್ದರೆ ದನಿ ಜೋರಾಗುತ್ತಿತ್ತು. ಅದು ಏನೆಂದು ಅಕ್ಕಪಕ್ಕದವರಿಗೆ ಒಂದು ದಿನ ಗೊತ್ತಾಯಿತು. ಆಮೇಲೆ ಆ ಹಾಡು ಬೀದಿಯಲ್ಲಿ ನಗೆಪಾಟಲಾಯಿತು. ನಾನು ನಲ್ಲಿಯ ಹತ್ತಿರ ಬಿಂದಿಗೆ ಇಟ್ಟರೆ ಯಾರಾದರೂ ಅದನ್ನೇ ಗುನುಗುವರು. ಮಕ್ಕಳು ಕಿಟಕಿಗೆ ಜೋತುಬಿದ್ದು, "ಅಜ್ಜೀ, ಆಡಜ್ಜೀ" ಎನ್ನುವರು. ಮುದುಕಿಗೆ ಗಾಳಿ ಮೆಟ್ಟಿದೆ, ಯಂತ್ರ ಕಟ್ಟಿಸಿ ಎಂದು ಹೇಳಿದವರೂ ಇದ್ದರು. ಪಾಠಕ್ಕೆ ಬರುತ್ತಿದ್ದ ಹುಡುಗಿಯರನ್ನು ಒಬ್ಬೊಬ್ಬರಾಗಿ ಅವರ ತಾಯಂದಿರು ಬಿಡಿಸಿಕೊಂಡರು. ತಮಿಳು ಹುಡುಗಿಯೊಬ್ಬಳು ಮಾತ್ರ ಭಾನುವಾರ ಭಾನುವಾರ ಗಾಡಿ ಹತ್ತಿ ಬರುತ್ತಿದ್ದಳು. ಮಾತಿಲ್ಲದ ಪಾಠ. ಅವಳು ತಪ್ಪಿದರೆ ಅತ್ತೆಮ್ಮ ಆ ಸಾಲನ್ನು ತಾವು ಹಾಡುವರು. ಅವಳು ಮತ್ತೆ ಹಾಡುವಳು. ಅವಳು ಒಮ್ಮೆ ನನ್ನ ಹತ್ತಿರ, "ಅಕ್ಕಾ, ಮುಂಚೇಗಿಂತ ಈಗ್ಲೇ ನಲ್ಲಾ, ಚೆಂದಾಗಿ, ಕಲೀತಾ ಇದೀನಿ" ಎಂದಿದ್ದಳು.

ಅಷ್ಟರಲ್ಲಿ ನನ್ನ ಮಗಳಿಗೆ ಕ್ಯಾಸಂಬಳ್ಳಿ ಕಡೆಯಿಂದ ಒಂದು ಸಂಬಂಧ ಬಂತು. ಒಳ್ಳೆಯ ಮನೆ. ಹುಡುಗ ಓದಿದವನು. ಅದಕ್ಕೆ ಮುಂಚೆ ಎರಡು ಸಂಬಂಧ ಬಂದು ಬಾಗಿಲವರೆಗೂ ಬರದೆ ತಪ್ಪಿಹೋಗಿದ್ದವು. ಆ ಮನೆಯಲ್ಲಿ ಹುಚ್ಚು ಹಿಡಿದ ಮುದುಕಿ ಇದ್ದಾಳೆ, ನಾಳೆ ಹುಡುಗಿಗೂ ಬಂದೀತು ಎಂದು ಯಾರೋ ಹೇಳಿದ್ದರು. ಇದೂ ತಪ್ಪಬಾರದೆಂದು ನನ್ನ ಗಂಡ, "ಅಮ್ಮನ್ನ ಇಂದ್ಗಡೆ ಕೋಣೇಲಿ ಕೂರ್ಸು. ಅವ್ರು ಓಗೋತಂಕ ಸದ್ದು ಬರಬಾರ್ದು" ಎಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಆ ದಿನ ಬೆಳಿಗ್ಗೆ ಅತ್ತೆಮ್ಮನಿಗೆ ಸ್ನಾನ ಮಾಡಿಸಿ, ಒಗೆದ ಸೀರೆ ಉಡಿಸಿ, ಹಿಂದಿನ ಕೋಣೆಯಲ್ಲಿ ಗೋಡೆಗೆ ದಿಂಬು ಕೊಟ್ಟು ಕೂರಿಸಿದೆ. ಮೊಮ್ಮಗಳನ್ನು ನೋಡಲು ಬರುತ್ತಾರೆಂದು ಅವರಿಗೆ ಗೊತ್ತಿತ್ತು. ಖುಷಿಯಾಗಿದ್ದರು. ಹಸೆಗೆ ಕರೆಯುವ ಹಾಡೊಂದನ್ನು ಬೆಳಗಿನಿಂದ ಗುನುಗುತ್ತಿದ್ದರು. ನಾನು ಅವರ ಮುಂದೆ ಕೂತು ಕೈ ಹಿಡಿದುಕೊಂಡೆ.

"ಅತ್ತೆಮ್ಮ, ಇವತ್ತೊಂದಿನ ಆಡ್ಬೇಡಿ."

ಗುನುಗು ನಿಂತಿತು. ಅರ್ಥವಾಗಲಿಲ್ಲವೋ ಏನೋ ಎಂದು ನಾನು ಮತ್ತೆ ಹೇಳಿದೆ. "ಅವ್ರಿಗೆ ತಿಳಿಯಾಕಿಲ್ಲ ಅತ್ತೆಮ್ಮ. ಉಚ್ಚು ಅಂದ್ಕೊತಾರೆ. ಮಗೀಗೋಸ್ಕರ."

ಅವರು ನನ್ನನ್ನೇ ನೋಡಿದರು. ಬೇಜಾರಿನ ನೋಟವಲ್ಲ. ಪಾಠಕ್ಕೆ ಬಂದ ಹೊಸ ಹುಡುಗಿಯ ದನಿ ಎಷ್ಟಿದೆ ಎಂದು ಅಳೆಯುವಾಗ ಹಾಗೆ ನೋಡುತ್ತಿದ್ದರು. ಆಮೇಲೆ ತಲೆಯಾಡಿಸಿ, ಎಡಗೈಯಿಂದ ನನ್ನ ಕೆನ್ನೆ ಸವರಿದರು. ನಾನು ಬಾಗಿಲು ಮುಂದಕ್ಕೆ ಎಳೆದು ಬಂದೆ.

ಬಂದವರು ಐದು ಜನ. ಉಪ್ಪಿಟ್ಟು, ಕಾಫಿ ಆಯಿತು. ಮಗಳನ್ನು ನೋಡಿದರು, ಒಪ್ಪಿದ ಹಾಗೆಯೇ ಕಾಣಿಸಿತು. ಹೊರಡುವರೆಂದುಕೊಂಡರೆ ಹುಡುಗನ ತಾಯಿ ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. ದಪ್ಪಗೆ, ನಗುಮುಖದ ಹೆಂಗಸು.

"ನಿಮ್ಮತ್ತೆ ಎಲ್ಲಮ್ಮ? ನನ್ನ ಮದುವೇಲಿ ಅವ್ರೇ ಕಣಮ್ಮ ಆಡಿದ್ದು. ನಾನಾಗ ಚಿಕ್ಕೋಳು, ಅಳ್ತಾ ಕುಂತಿದ್ದೆ. ಅವ್ರು ಆಡಿದ್ದು ಕೇಳಿ ಅಳೋದೇ ಮರ್ತೋಯ್ತು. ಪಾಟಮ್ಮನ ಮೊಮ್ಮಗಳು ಅಂತ ಗೊತ್ತಾದ್ಮೇಲೇನೇ ನಾನು ಈ ಸಂಬಂಧ ನೋಡಾನ ಅಂದಿದ್ದು. ಒಂದ್ಸಲ ಮಾತಾಡಿಸ್ಕೊಂಡು ಓಗ್ತೀನಿ."

ನನ್ನ ಗಂಡ ಬಾಗಿಲ ಹತ್ತಿರ ನಿಂತಿದ್ದರು. ಅವರಿಗೂ ಕೇಳಿಸಿತು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಆ ಗಳಿಗೆಯಲ್ಲಿ ಎದ್ದು ಹೋಗಿ ಕದ ತೆರೆಯಬಹುದಿತ್ತು. ಆ ತಾಯಿ ಹೆದರುತ್ತಿರಲಿಲ್ಲ ಎಂದು ಈಗ ನನಗೆ ಗೊತ್ತು. ಆಗ ಗೊತ್ತಿರಲಿಲ್ಲ. ಹಿಂದಿನ ಎರಡು ಸಂಬಂಧಗಳು ಕಣ್ಣ ಮುಂದೆ ಬಂದವು.

"ಮೈಯಾಗೆ ಉಸಾರಿಲ್ಲ. ಮಲಗವ್ರೆ" ಎಂದೆ.

"ಅಯ್ಯೋ, ಆಗಾದ್ರೆ ಎಬ್ಬಿಸ್ಬೇಡಿ" ಎಂದು ಆಕೆ ತಂದಿದ್ದ ಹೂವಿನಲ್ಲಿ ಒಂದು ಮೊಳ ಹರಿದು, "ಅವ್ರ ತಲೇದಿಂಬಿನ ಅತ್ರ ಮಡಗಿ" ಎಂದು ನನ್ನ ಕೈಲಿಟ್ಟರು. ವಿಧವೆಗೆ ಹೂವು ಕೊಡಬಾರದು ಎನ್ನುವುದೂ ಆಕೆಗೆ ನೆನಪಾಗಲಿಲ್ಲ.

ಅವರ ಗಾಡಿ ಬೀದಿ ದಾಟಿದ ಮೇಲೆ ಒಳಗೆ ಓಡಿದೆ. ಅತ್ತೆಮ್ಮ ಕೂರಿಸಿದ ಹಾಗೆಯೇ ಕೂತಿದ್ದರು. ಸೆರಗಿನ ತುದಿಯನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಿದ್ದರು. ಒಗೆದು ಉಡಿಸಿದ್ದ ಸೀರೆ ಒದ್ದೆಯಾಗಿ, ಉಚ್ಚೆ ಚಾಪೆಯ ಮೇಲೆಲ್ಲ ಹರಿದಿತ್ತು. ಕಣ್ಣೆದುರಿಗೆ ಕದವಿತ್ತು. ಬಾಗಿಲು ತೆರೆ ಎನ್ನಲು ಅವರಿಗಿದ್ದದ್ದು ಒಂದೇ ಹಾಡು. ಅದನ್ನು ಅವರು ಹಾಡಲಿಲ್ಲ.

ನಾನು ಅವರ ಬಾಯಿಂದ ಬಟ್ಟೆ ತೆಗೆದೆ. ಕಾಲು ತೊಳೆದೆ, ಸೀರೆ ಬದಲಾಯಿಸಿದೆ. "ಒಪ್ಪಿದ್ರು ಅತ್ತೆಮ್ಮ. ಇನ್ನ ಆಡಿ. ಎಷ್ಟ್ ಬೇಕೋ ಅಷ್ಟ್ ಆಡಿ" ಎಂದೆ. ಹೂವಿನ ಮಾತು, ಆ ತಾಯಿಯ ಮಾತು ಯಾವುದನ್ನೂ ಹೇಳಲು ನನಗೆ ಬಾಯಿ ಬರಲಿಲ್ಲ. ಅವರು ಮೆಲ್ಲಗೆ ನಕ್ಕು ಕಣ್ಣುಮುಚ್ಚಿಕೊಂಡರು.

ಆಮೇಲೆ ಅವರು ಹಾಡಲಿಲ್ಲ.

ಮುನಿಸಿಕೊಂಡಿದ್ದಾರೆ, ನಾಲ್ಕು ದಿನ ಕಳೆದರೆ ಸರಿಹೋಗುತ್ತಾರೆ ಎಂದುಕೊಂಡೆ. ಮುನಿಸು ಇರಲಿಲ್ಲ. ಊಟ ಮಾಡುವರು, ನನ್ನ ತಲೆ ಸವರುವರು, ಮೊಮ್ಮಗಳ ಮದುವೆ ಸೀರೆಯನ್ನು ಎಡಗೈಯಿಂದ ಮುಟ್ಟಿ ಮುಟ್ಟಿ ನೋಡುವರು. ನೀರು ಬೇಕಾದರೆ ಚೊಂಬಿನ ಕಡೆ ಬೆರಳು ತೋರಿಸುವರು. ಹಿತ್ತಲಿಗೆ ಹೋಗಬೇಕಾದರೆ ಗೋಡೆ ತಟ್ಟುವರು. ಬೇಕಾದದ್ದನ್ನೆಲ್ಲ ಹಾಡಿಲ್ಲದೆ ಕೇಳುವುದನ್ನು ಕಲಿತುಬಿಟ್ಟರು. ನಾನು ಬೇಕೆಂದೇ ನೀರಿನ ಚೊಂಬನ್ನು ಕಣ್ಣಿಗೆ ಬೀಳದ ಹಾಗೆ ಇಟ್ಟು ನೋಡಿದೆ. ಬಾಯಾರಿಕೊಂಡೇ ಕೂತಿದ್ದರು. ನಾನೇ ಸೋತು ತಂದುಕೊಟ್ಟೆ. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ತಂಬೂರಿ ಎದುರಿಗಿಟ್ಟು ನಾನೇ ಬಾಯಿಬಿಟ್ಟೆ. ಅವರಿಂದ ಕೇಳಿ ಕೇಳಿ ಬಂದಿದ್ದ ಒಂದು ಸಾಲನ್ನು ನನ್ನ ದನಿಯಲ್ಲೇ ಹಾಡಿದೆ. ಅಪಸ್ವರ ತಡೆಯಲಾಗದೆ ತಿದ್ದಿಯಾರು ಎಂದು ಆಸೆ. ಅವರು ನನ್ನ ಬಾಯಿಯ ಮೇಲೆ ಕೈಯಿಟ್ಟು, ಬೇಡ ಎನ್ನುವಂತೆ ತಲೆಯಾಡಿಸಿದರು. ನಾನು ಅವರ ತೊಡೆಯ ಮೇಲೆ ತಲೆಯಿಟ್ಟು ಅತ್ತೆ.

ತಮಿಳು ಹುಡುಗಿ ಬರುವುದನ್ನು ಬಿಡಲಿಲ್ಲ. ಅವಳು ಹಾಡಿದರೆ ಅತ್ತೆಮ್ಮ ಎಡಗೈಯಲ್ಲಿ ತಾಳ ಹಾಕುವರು. ತಪ್ಪಿದಲ್ಲಿ ಕೈ ನಿಲ್ಲುವುದು. ಅವಳು ಆ ಸಾಲನ್ನು ನಾಲ್ಕೈದು ಬಗೆಯಲ್ಲಿ ಹಾಡಿ ನೋಡುವಳು. ಸರಿಯಾದಾಗ ಕೈ ಮುಂದುವರಿಯುವುದು. ಒಂದೊಂದು ಸಾಲಿಗೂ ಒಂದೊಂದು ಭಾನುವಾರ ಹೋಗುತ್ತಿತ್ತು. ಅವಳು ನನ್ನನ್ನು ಏನಾಯಿತು ಎಂದು ಕೇಳಿದಳು. ನಾನು, "ದನಿ ಓಯ್ತಮ್ಮ" ಎಂದೆ. ಅವಳು ನಂಬಿದಳೋ ಇಲ್ಲವೋ.

ಮಗಳ ಮದುವೆಯಾಯಿತು. ಆ ತಾಯಿ ಮದುವೆಯಲ್ಲಿ ಅತ್ತೆಮ್ಮನ ಪಕ್ಕ ಬಂದು ಕೂತು, ಕೈ ಹಿಡಿದುಕೊಂಡು, ತಮ್ಮ ಮದುವೆಯ ದಿನ ಕೇಳಿದ ಹಾಡಿನ ಮೊದಲ ಸಾಲನ್ನು ತಾವೇ ಗುನುಗಿ, "ನೆಪ್ಪೈತಾ?" ಎಂದು ಕೇಳಿದರು. ಅತ್ತೆಮ್ಮನ ತುಟಿ ಅಲುಗಿತು. ನಾನು ಪಕ್ಕದಲ್ಲೇ ನಿಂತಿದ್ದೆ. ಅವರು ನನ್ನ ಕಡೆ ಒಮ್ಮೆ ನೋಡಿ, ತುಟಿ ಮುಚ್ಚಿಕೊಂಡು, ಆಕೆಯ ಕೈಯನ್ನು ಕಣ್ಣಿಗೆ ಒತ್ತಿಕೊಂಡರು.

ಇನ್ನೊಂದು ವರ್ಷ ಇದ್ದರು. ಒಂದು ಬೆಳಿಗ್ಗೆ ಗಂಜಿ ಕುಡಿಸುತ್ತಿದ್ದೆ. ಮೂರನೆಯ ಗುಟುಕು ನುಂಗಲಿಲ್ಲ. ಅವರ ಮಗ ಶೆಡ್ಡಿನಿಂದ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಉರಿಗಾಂನಿಂದ ಹೆಂಗಸರು ಒಂದು ಗಾಡಿಯ ತುಂಬ ಬಂದರು. ಅವರಲ್ಲಿ ಎಷ್ಟೋ ಜನ ಮೊಮ್ಮಕ್ಕಳನ್ನು ಕಂಡಿದ್ದರು. ವರ್ಣ ದಾಟದೆ ಮದುವೆಯಾಗಿ ಹೋದವರು. ಯಾರಿಗೂ ಪೂರ್ತಿ ಹಾಡು ನೆನಪಿರಲಿಲ್ಲ. ಒಬ್ಬಳು ಮರೆತಲ್ಲಿಗೆ ಇನ್ನೊಬ್ಬಳು ಸೇರಿಸಿ ಹೇಗೋ ಹಾಡಿದರು. ತಮಿಳು ಹುಡುಗಿ ಹಾಡಲಿಲ್ಲ. ಹೆಣದ ಕಾಲ ಬಳಿ ಕೂತು ಎಡಗೈಯಲ್ಲಿ ತಾಳ ಹಾಕುತ್ತಿದ್ದಳು. ತಂಬೂರಿಯನ್ನು ಅವಳಿಗೇ ಕೊಟ್ಟೆವು. ಅವಳೀಗ ಉರಿಗಾಂನಲ್ಲಿ ಲೈನಿನ ಮಕ್ಕಳಿಗೆ ಪಾಠ ಹೇಳುತ್ತಾಳೆಂದು ಕೇಳಿದ್ದೇನೆ.

ನನ್ನ ಮಗಳು ಮೊದಲ ಹೆರಿಗೆಗೆ ಬಂದಿದ್ದಾಗ ಒಂದು ಮಧ್ಯಾಹ್ನ ಮಗುವನ್ನು ತೊಟ್ಟಿಲಿಗೆ ಹಾಕುತ್ತ, "ಅಜ್ಜಿ ಇದ್ದಿದ್ರೆ ಜೋಗುಳ ಆಡೋದು. ಯಾಕಮ್ಮ ಕೊನೆಗೆ ಆಡೋದನ್ನೇ ಬುಟ್ಬುಡ್ತು?" ಎಂದು ಕೇಳಿದಳು. ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಗಂಡನ ಜೊತೆಗೂ ಆ ಮಾತು ಎತ್ತಿರಲಿಲ್ಲ. ಅವತ್ತು ಹೇಳಿದೆ. ಹಿಂದಿನ ಕೋಣೆ, ಒದ್ದೆ ಸೀರೆ, ಅವಳ ಅತ್ತೆ ಕೊಟ್ಟ ಹೂವು, ಎಲ್ಲ. ಅವಳು ತೊಟ್ಟಿಲು ತೂಗುವುದನ್ನು ನಿಲ್ಲಿಸದೆ ಕೇಳಿದಳು. ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಬಾಣಂತಿ, ಮಾಡಿ ಹಾಕಿದ್ದನ್ನು ಉಣ್ಣುವಳು, ಮಗುವಿನ ಕಡೆ ತಿರುಗಿಕೊಳ್ಳುವಳು. ನಾಲ್ಕನೆಯ ದಿನ ಬಚ್ಚಲಿನಿಂದ ಬಂದು ನನ್ನ ಮುಂದೆ ಬೆನ್ನು ಹಾಕಿ ಕೂತು, "ತಲೆ ಒಣಗಿಸಮ್ಮ, ಸೀತ ಆಗ್ತೈತೆ" ಎಂದಳು. ಸಾಂಬ್ರಾಣಿಯ ಕೆಂಡ ತಂದು, ಅವಳ ಕೂದಲನ್ನು ಬಿಡಿಸಿ, ಹೊಗೆಯ ಮೇಲೆ ಹಿಡಿದೆ.